ಮೆಣಸಿನಕಾಯಿ ಪೇಟೆಯ ಫೋಟೋ

"ಗುರುಗಳೇ, ಬೀದಿಯಲ್ಲಿ ಎಲ್ಲರಿಗೂ ಕಾಣುವ ಮುಖ. ಅದರ ಫೋಟೋ ತೆಗೆದರೆ ತಪ್ಪೇನು? ಕಾನೂನು ಕೂಡ ತಪ್ಪು ಅನ್ನುವುದಿಲ್ಲವಲ್ಲ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು.

ಒಬ್ಬ ಹೆಂಗಸು. ಗಂಡನ ಕೈಗೆ ಸಿಕ್ಕರೆ ಜೀವ ಉಳಿಯುವುದಿಲ್ಲವೆಂದು ಮೂರು ಜಿಲ್ಲೆ ದಾಟಿ ಓಡಿ ಬಂದವಳು. ಮೆಣಸಿನಕಾಯಿ ಪೇಟೆಯಲ್ಲಿ ತೊಟ್ಟು ಬಿಡಿಸುವ ಕೂಲಿಗೆ ಸೇರಿದಳು. ಆ ಕೆಲಸವನ್ನೇ ಹಿಡಿದದ್ದು ಅವಳ ಜಾಣತನ. ಅಲ್ಲಿ ಘಾಟಿಗೆ ಎಲ್ಲ ಹೆಂಗಸರೂ ಮೂಗು ಬಾಯಿಗೆ ಸೆರಗು ಕಟ್ಟುತ್ತಾರೆ. ಇವಳೇಕೆ ಮುಖ ಮುಚ್ಚಿದ್ದಾಳೆ ಎಂದು ಕೇಳುವವರಿಲ್ಲ. ಎರಡು ವರ್ಷ ಹಾಗೇ ಬದುಕಿದಳು.

ಬಂದನಲ್ಲ ಒಬ್ಬ ಮಹಾರಾಯ, ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು! ಅವನಿಗೆ ಕೆಂಪು ರಾಶಿ ಬೇಕಾಗಿತ್ತಂತೆ. ರಾಶಿಯ ಹಿಂದೆ ಹೆಣ್ಣಿನ ಮುಖವೂ ಬೇಕಾಗಿತ್ತು. ಅದನ್ನು ಬಾಯಿಬಿಟ್ಟು ಹೇಳುತ್ತಾರೆಯೇ? ತನ್ನ ಹೆಂಡತಿಯ ಫೋಟೋವನ್ನು ನೆಂಟರಿಗೂ ತೋರಿಸದ ಗಂಡಸು ಅವನು. ಪರರ ಹೆಂಗಸಾದರೆ ಊರಿಗೆಲ್ಲ ತೋರಿಸಬಹುದು. ಇವಳು ನೀರು ಕುಡಿಯಲು ಸೆರಗು ಇಳಿಸುವುದನ್ನೇ ಕಾದಿದ್ದು ಫೋಟೋ ಹೊಡೆದ.

"ಯಣ್ಣಾ, ಅದನ್ನ ಅಳಸಪಾ. ನಿನ್ನ ಕಾಲಿಗೆ ಬೀಳ್ತೀನಿ," ಎಂದಳು.

"ಇದು ನಿಮ್ಮಪ್ಪನ ಅಂಗಳ ಏನವಾ? ಫೋಟೋ ಹೊಡದ್ರ ಮುಖ ಸವೀತೈತೇನು?" ಎಂದು ನಕ್ಕ.

"ಪ್ಯಾಟಿ ಎಲ್ಲಾರದೈತಿ. ಮುಖ ನಂದು!" ಎಂದು ಕಿರುಚಿ ಕ್ಯಾಮೆರಾಕ್ಕೆ ಕೈ ಹಾಕಿದಳು.

ಜನ ಸೇರಿತು. ಪೊಲೀಸ್ ಬಂದ. ಫೋಟೋ ತೆಗೆದದ್ದು ಅಪರಾಧವಲ್ಲ, ಬೀದಿಯಲ್ಲಿ ಗಲಾಟೆ ಮಾಡಿದ್ದು ಅಪರಾಧ ಎಂದ. ಸಾರ್ವಜನಿಕ ಶಾಂತಿ ಕೆಡಿಸಿದಳೆಂದು ಅವಳನ್ನೇ ಠಾಣೆಯ ಕಟ್ಟೆಯ ಮೇಲೆ ಸಂಜೆಯವರೆಗೆ ಕೂರಿಸಿದ. ಆ ಮಹಾರಾಯನಿಗೆ ಒಳಗೆ ಕುರ್ಚಿ, ಚಹಾ. ನಾಚಿಕೆ ಬೇಡವೇ!

ಭಾನುವಾರದ ಪತ್ರಿಕೆಯಲ್ಲಿ ಮುಖ ಬಂತು. ಅರ್ಧ ಪುಟ, ಕೆಳಗೆ ಊರ ಹೆಸರು. ಬುಧವಾರ ಗಂಡ ಆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದಿಳಿದ. ಹೆಂಡತಿ ಮುನಿಸಿಕೊಂಡು ಬಂದಿದ್ದಾಳೆ ಎಂದು ಅದೇ ಪೊಲೀಸಿನ ಮುಂದೆ ಕಣ್ಣೊರೆಸಿಕೊಂಡ. ಪೊಲೀಸಿಗೆ ಕರುಳು ಚುರುಕ್ ಎಂದಿತು, ನೋಡು. ಅವಳ ಮನೆಯ ಬಾಗಿಲವರೆಗೂ ಗಂಡನ ಜೊತೆಗೆ ಹೋಗಿ ಬಿಟ್ಟು ಬಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ, "ಆಮೇಲೆ ಏನಾಯಿತು ಗುರುಗಳೇ?" ಎಂದ.

"ಅದು ಮನೆಯೊಳಗೆ ನಡೆದದ್ದಪ್ಪ, ಅದರ ಫೋಟೋ ಯಾರೂ ತೆಗೆಯಲಿಲ್ಲ."