ಮಾತು ಸೋಸಿದ ಜರಡಿ

“ಮತ್ತೆ ನನ್ನ ಮಾತಿಗೆ ಅಡ್ಡ ಬಂದೆಯಲ್ಲೇ, ಜರಡಿ! ಒಂದು ಸಲವಾದರೂ ಪೂರ್ತಿ ಆಡಲು ಬಿಡು,” ಎಂದು ಕಾಗೆ ರೇಗಿತು.

“ಮೊದಲು ಬಾಯಿ ತೊಳೆದುಕೊಂಡು ಬಾ,” ಎಂದಳು ಜರಡಿ.

ಹಿಟ್ಟಿನ ಗಿರಣಿಯ ಅಂಗಳದಲ್ಲಿ ನಡೆಯುವ ಹರಟೆ ಕಾಗೆಯ ಬೈಗುಳದಿಂದ ಕೆಟ್ಟುಹೋಯಿತೆಂದು ಎಲ್ಲರೂ ದೂರಿದ್ದರು. ಅಂದಿನಿಂದ ಯಾರ ಮಾತೇ ಆಗಲಿ, ಜರಡಿಯಲ್ಲಿ ಸೋಸಿಯೇ ಇನ್ನೊಬ್ಬರ ಕಿವಿಗೆ ಬೀಳಬೇಕು. ಒಂದು ಬೈಗುಳ ಸಿಕ್ಕರೆ ಇಡೀ ಮಾತು ತಿಪ್ಪೆಗೆ. ಇಂಥ ಘನವಾದ ಹುದ್ದೆ ಸಿಕ್ಕ ಮೇಲೆ ಜರಡಿಯನ್ನು ಹಿಡಿಯುವವರುಂಟೇ?

ಆಗ ಬೆಕ್ಕು ಬಂದು ಬಾಲ ಮಡಚಿ ಕುಳಿತುಕೊಂಡಿತು. “ಗುಬ್ಬಕ್ಕಾ, ಮರಿಗಳಾದವಂತೆ, ಬಹಳ ಸಂತೋಷ. ಗೂಡು ಎಲ್ಲಿದೆ ತಾಯಿ? ಒಮ್ಮೆ ನೋಡಿ ಹರಸಿ ಬರುತ್ತೇನೆ.”

ಮೈದಾಹಿಟ್ಟಿನಂಥ ಮಾತು! ಒಂದು ನುಚ್ಚೂ ಉಳಿಯದೆ ಸಲೀಸಾಗಿ ಇಳಿಯಿತು. “ನೋಡಿ ಕಲಿಯಿರಿ, ಮರ್ಯಾದೆ ಅಂದರೆ ಇದು,” ಎಂದಳು ಜರಡಿ.

“ಹೇಳಬೇಡವೇ ಗುಬ್ಬಿ! ಆ ಹಲ್ಕಟ್ ಬೆಕ್ಕು ನಿನ್ನ ಮರಿ ತಿನ್ನೋಕೆ ಕೇಳ್ತಿದೆ!” ಎಂದು ಕಾಗೆ ಕಿರುಚಿತು.

‘ಹಲ್ಕಟ್’ ಜರಡಿಯಲ್ಲಿ ಸಿಕ್ಕಿಕೊಂಡಿತು. ನಿಯಮ ನಿಯಮವೇ. ಮಾತು ಪೂರ್ತಿ ತಿಪ್ಪೆಗೆ ಹೋಯಿತು, ಗುಬ್ಬಿಗೆ ಒಂದಕ್ಷರವೂ ತಲುಪಲಿಲ್ಲ.

“ಮೀಟರ್ ಡಬ್ಬಿಯ ಹಿಂದೆಯೇ ಇದೆ, ಅಣ್ಣಾ. ಬನ್ನಿ,” ಎಂದಿತು ಗುಬ್ಬಿ.

ಸಂಜೆ ಗುಬ್ಬಿ ಖಾಲಿ ಗೂಡಿನಿಂದ ಹಾರಿ ಬಂದು ಜರಡಿಯ ಅಂಚಿನ ಮೇಲೆ ಕುಳಿತಿತು.

“ಅಕ್ಕಾ, ನನ್ನ ಹೊಟ್ಟೆ ಉರಿಯುತ್ತಿದೆ. ಆ ಬೆಕ್ಕಿಗೆ ಏನಂತ ಹೇಳಲಿ, ನಿನ್ನ ತೂತಿನಲ್ಲಿ ಇಳಿಯುವಂಥ ಮಾತು ಒಂದಾದರೂ ಇದೆಯಾ?”