ಮರಾಳದ ಹಿಂದಿನ ಸೀಟು

ಕಪಿಲಾ ನದಿಯ ದಂಡೆಯಲ್ಲಿ ಒಂದು ಪುಟ್ಟ ಆಶ್ರಮ. ಅಲ್ಲಿದ್ದ ಗುರುವನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಎಪ್ಪತ್ತು ದಾಟಿದವರು. ಮಾತು ಕಡಿಮೆ, ತಾಳ್ಮೆ ಇನ್ನೂ ಕಡಿಮೆ.

ಅವರ ಶಿಷ್ಯರಲ್ಲಿ ಪಂಚಾಕ್ಷರಿ ಒಬ್ಬ. ಮೈಸೂರಿನವನು. ಅವನ ತಾತ ಒಂದು ಕಾಲದಲ್ಲಿ ‘ಮರಾಳ’ ಎಂಬ ಕಾರು ಕಟ್ಟುತ್ತಿದ್ದರು. ಜಮೀನ್ದಾರರು, ಸಿನಿಮಾ ನಿರ್ಮಾಪಕರು ವರ್ಷಗಟ್ಟಲೆ ಕಾದು ಕೊಳ್ಳುತ್ತಿದ್ದ ಕಾರು. ತಂದೆಯ ಕಾಲಕ್ಕೆ ಅದು ನಿಂತುಹೋಯಿತು. ಈಗ ಅದೇ ಶೆಡ್ಡಿನಲ್ಲಿ ಪಂಚಾಕ್ಷರಿ ಆಂಬುಲೆನ್ಸುಗಳಿಗೆ ಬಾಡಿ ಕಟ್ಟುತ್ತಿದ್ದ.

ಆಶ್ರಮಕ್ಕೆ ಬಂದಾಗಲೆಲ್ಲ ಅವನದು ಒಂದೇ ಪ್ರಶ್ನೆ. ಮರಾಳವನ್ನು ಮತ್ತೆ ಎಬ್ಬಿಸಬಹುದೇ?

ಒಮ್ಮೆ ಅಕ್ಕ ಸುಮ್ಮನಿದ್ದರು. ಇನ್ನೊಮ್ಮೆ ಎದ್ದು ಹೋದರು. ಮತ್ತೊಮ್ಮೆ ಅವನ ಕೈಗೆ ಪೊರಕೆ ಕೊಟ್ಟರು. ಅಂಗಳ ಗುಡಿಸಿ ಮುಗಿಸಿ ಅವನು ಮತ್ತೆ ಅದನ್ನೇ ಕೇಳಿದ.

ಈ ಸಲ ಅವನು ಮನೆಯಲ್ಲಿ ಉಳಿದಿದ್ದ ಒಂದೇ ಒಂದು ಮರಾಳವನ್ನು ರಿಪೇರಿ ಮಾಡಿಸಿ, ತಾನೇ ಓಡಿಸಿಕೊಂಡು ಬಂದ. ಕೆನೆಬಣ್ಣದ ಉದ್ದ ಗಾಡಿ. ಮೂತಿಯ ಮೇಲೆ ಬೆಳ್ಳಿಯ ಹಂಸ.

ಅಕ್ಕ ಹೊಳೆಯ ಸೋಪಾನದ ಮೇಲೆ ಕೂತು ದಾಸೋಹದ ತಾಮ್ರದ ಕೊಪ್ಪರಿಗೆಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರು.

“ಅಕ್ಕಾ, ನಾಳೆ ಪಾಲುದಾರರ ಜೊತೆ ಸಹಿ ಹಾಕಬೇಕು. ಇವತ್ತಾದರೂ ನೀವು ಹೇಳಬೇಕು.”

“ಯಾವುದಕ್ಕೆ ಸಹಿ?”

“ಮರಾಳಕ್ಕೆ.”

ಅಕ್ಕ ಕೊಪ್ಪರಿಗೆಯೊಳಗೆ ತಲೆ ಹಾಕಿದರು. ಒಳಗಿನಿಂದಲೇ ಅವರ ಧ್ವನಿ ಬಂತು.

“ಯಾರು ಕೊಳ್ಳುತ್ತಾರೆ?”

“ಜನಕ್ಕೆ ಇನ್ನೂ ಪ್ರೀತಿ ಇದೆ ಅಕ್ಕಾ. ದಾರಿಯಲ್ಲಿ ಟೀ ಕುಡಿಯೋಕೆ ನಿಲ್ಲಿಸಿದ್ದೆ. ವಯಸ್ಸಾದ ಒಬ್ಬರು ಬಂದು ಬಾನೆಟ್ ಸವರಿದರು. ಕಣ್ಣಲ್ಲಿ ನೀರು ಬಂತು ಅವರಿಗೆ.”

“ಬೆಲೆ ಕೇಳಿದರಾ?”

“ಇಲ್ಲ.”

“ಆಗ ಯಾವತ್ತಾದರೂ ಕೊಂಡಿದ್ದರಾ?”

“ಇಲ್ಲ. ದೂರದಿಂದ ನೋಡಿದ್ದರಂತೆ.”

ಅಕ್ಕ ತಲೆ ಹೊರಗೆ ತೆಗೆದು ಅವನನ್ನು ನೋಡಿದರು. ಮತ್ತೆ ಉಜ್ಜತೊಡಗಿದರು.

“ಈಗಿನ ಶ್ರೀಮಂತರಿಗೆ ಕಾರು ಬೇಕಾದಷ್ಟಿವೆ,” ಪಂಚಾಕ್ಷರಿ ಬಿಡಲಿಲ್ಲ. “ಆದರೆ ನಮ್ಮ ಹೆಸರಿನ ಹಿಂದೆ ಒಂದು ಕತೆ ಇದೆ. ಜನ ಕತೆಗೆ ದುಡ್ಡು ಕೊಡುತ್ತಾರೆ ಅಂತ ಪಾಲುದಾರರು ಹೇಳುತ್ತಾರೆ.”

“ಕತೆ ಬೇಕಾದವರನ್ನು ಇಲ್ಲಿಗೆ ಕಳಿಸು. ನಾನು ಪುಕ್ಕಟೆ ಹೇಳುತ್ತೇನೆ.”

“ತಮಾಷೆ ಬೇಡ ಅಕ್ಕಾ.”

“ತಮಾಷೆ ಮಾಡುತ್ತಿರುವುದು ನೀನು. ಹೊಸ ಕಾರಿನಲ್ಲಿ ಮರಾಳದ್ದು ಏನಿರುತ್ತದೆ?”

“ಹೆಸರು ಇರುತ್ತದೆ. ಹಂಸ ಇರುತ್ತದೆ. ಮೂತಿ ಹೀಗೇ ಇರುತ್ತದೆ.”

“ಉಳಿದದ್ದು?”

“ಬ್ಯಾಟರಿ, ಮೋಟಾರು, ಚಾಸಿ ಎಲ್ಲ ಹೊರಗಿನಿಂದ ಬರುತ್ತದೆ. ಈಗ ಎಲ್ಲರೂ ಹಾಗೇ ಮಾಡುವುದು.”

“ನಿನ್ನ ತಾತ ಏನು ಮಾಡುತ್ತಿದ್ದ?”

ಈ ಪ್ರಶ್ನೆಗೆ ಪಂಚಾಕ್ಷರಿಯ ಮುಖ ಅರಳಿತು. ಮೆಟ್ಟಿಲ ಮೇಲೆ ಕೂತ.

“ತಾತನ ತಾಯಿಗೆ ಸೊಂಟನೋವು. ಪ್ರತಿ ಕಾರು ತಯಾರಾದಾಗಲೂ ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಕಲ್ಲು ಕ್ವಾರಿಯ ರಸ್ತೆಯಲ್ಲಿ ಓಡಿಸುತ್ತಿದ್ದರಂತೆ. ಆ ಮುದುಕಿ ಒಂದು ಸಲ ‘ಅಮ್ಮಾ’ ಅಂದರೂ ಸಾಕು, ಗಾಡಿ ವಾಪಸು ಶೆಡ್ಡಿಗೆ. ಯಾವ ರಾಜ ಕಾಯುತ್ತಿದ್ದರೂ ಅಷ್ಟೇ.”

“ನೀನು ಹೊಸ ಕಾರಿಗೆ ಹಾಗೆ ಮಾಡುತ್ತೀಯಾ?”

“ಅದಕ್ಕೆಲ್ಲ ಈಗ ಯಂತ್ರ ಇದೆ ಅಕ್ಕಾ.”

ಅಕ್ಕ ಕೊಪ್ಪರಿಗೆಯನ್ನು ಮಗುಚಿಟ್ಟು ಕೈ ತೊಳೆದುಕೊಂಡರು. ನೆಟ್ಟಗೆ ಹೋಗಿ ಕಾರಿನ ಹಿಂದಿನ ಬಾಗಿಲು ತೆಗೆದು ಕೂತರು.

“ಓಡಿಸು.”

ಆಶ್ರಮದಿಂದ ಊರಿನ ಕಡೆಗಿದ್ದ ದಾರಿಯಲ್ಲಿ ಡಾಂಬರಿಗಿಂತ ಗುಂಡಿಗಳೇ ಹೆಚ್ಚು. ಪಂಚಾಕ್ಷರಿ ಮುಂದೆ ಕೂತು ಎಗರೆಗರಿ ಬೀಳುತ್ತಿದ್ದ. ಕನ್ನಡಿಯಲ್ಲಿ ನೋಡಿದರೆ ಅಕ್ಕ ಕಣ್ಣು ಮುಚ್ಚಿ ಕೂತಿದ್ದರು. ತಲೆಯ ಮೇಲಿನ ಸೆರಗು ಕೂಡ ಅಲುಗಿರಲಿಲ್ಲ.

ಹಿಂತಿರುಗಿದ ಮೇಲೆ ಅವರು ಇಳಿದು, “ಚೆನ್ನಾಗಿದೆ,” ಎಂದರು.

ಅವನು ಕೈ ಮುಗಿದ. “ಹಾಗಾದರೆ ನಿಮ್ಮ ಆಶೀರ್ವಾದ ಸಿಕ್ಕಿತು ಅಂದುಕೊಳ್ಳಲಾ?”

“ಚೆನ್ನಾಗಿದೆ ಅಂದದ್ದು ನಿನ್ನ ತಾತನಿಗೆ.”

ಪಂಚಾಕ್ಷರಿಗೆ ರೇಗಿತು. ಎಂದೂ ದನಿ ಏರಿಸದವನು ಅಂದು ಏರಿಸಿದ.

“ನಿಮ್ಮಲ್ಲಿ ಒಂದು ಪ್ರಶ್ನೆಗಾದರೂ ನೆಟ್ಟಗೆ ಉತ್ತರ ಸಿಕ್ಕಿದೆಯಾ ನನಗೆ? ನಿಮಗೆ ಇದು ಬರೀ ಕಾರು. ನಾನು ಆ ಊರಲ್ಲಿ ತಲೆ ಎತ್ತಿ ಓಡಾಡಬೇಕು. ಇವತ್ತಿಗೂ ಮದುವೆ ಮನೆಗಳಲ್ಲಿ ನನ್ನನ್ನು ತೋರಿಸಿ, ಮರಾಳ ಮುಳುಗಿಸಿದವನ ಮಗ ಅನ್ನುತ್ತಾರೆ. ಅಪ್ಪ ಅದನ್ನು ಕೇಳಿಕೊಂಡೇ ಸತ್ತರು.”

ಅಕ್ಕ ಹೋಗಿ ಮೆಟ್ಟಿಲ ಮೇಲೆ ಕೂತು, ಪಕ್ಕದ ಮೆಟ್ಟಿಲನ್ನು ಕೈಯಲ್ಲಿ ತಟ್ಟಿದರು. ಅವನು ಬಂದು ಕೂತ.

ಆಮೇಲೆ ಅಕ್ಕ ಕೇಳಿದರು. “ಹೊಸ ಕಾರನ್ನು ಎಲ್ಲಿ ಜೋಡಿಸುತ್ತೀಯ?”

“ನಮ್ಮ ಶೆಡ್ಡಿನಲ್ಲೇ.”

“ಆಂಬುಲೆನ್ಸುಗಳು?”

“ನಿಲ್ಲಿಸುತ್ತೇನೆ. ಅದೇನು ಕೆಲಸ ಅಕ್ಕಾ. ತಗಡಿನ ಡಬ್ಬ. ಮರಾಳ ಹುಟ್ಟಿದ ಜಾಗದಲ್ಲಿ ಕೂತು ಸ್ಟ್ರೆಚರಿಗೆ ಬೋಲ್ಟು ಬಿಗಿಯುತ್ತೇನೆ ಅಂತ ಹೇಳಿಕೊಳ್ಳೋಕೂ ನಾಚಿಕೆ.”

“ಆ ಡಬ್ಬ ಸರಿಯಾಗಿದೆ ಅಂತ ಹೇಗೆ ನೋಡುತ್ತೀಯ? ಅದಕ್ಕೂ ಯಂತ್ರ ಇದೆಯಾ?”

“ಇಲ್ಲ. ನಾನೇ ಮಲಗುತ್ತೇನೆ.”

“ಎಲ್ಲಿ?”

“ಸ್ಟ್ರೆಚರಿನ ಮೇಲೆ. ಫಿಟ್ಟರ್ ಓಡಿಸುತ್ತಾನೆ.”

“ಯಾವ ರಸ್ತೆಯಲ್ಲಿ?”

“ಕ್ವಾರಿ ರಸ್ತೆಯಲ್ಲೇ. ಇನ್ನೆಲ್ಲಿ?” ಅವನು ಬೇಸರದಿಂದಲೇ ಹೇಳಿದ. “ಕಾಲು ಮುರಿದವರು ಇರುತ್ತಾರೆ, ಬಸುರಿಯರು ಇರುತ್ತಾರೆ. ಒಳಗೆ ಮಲಗಿದವರಿಗೆ ಒಂದೊಂದು ಕಲ್ಲೂ ಗೊತ್ತಾಗುತ್ತದೆ ಅಕ್ಕಾ. ಬೆನ್ನಿಗೆ ಚುರುಕ್ ಅಂದರೆ ನಾನು ಗಾಡಿ ಹೊರಗೆ ಬಿಡುವುದಿಲ್ಲ. ಸ್ಪ್ರಿಂಗು ಬಿಚ್ಚಿಸಿ ಮತ್ತೆ ಕೂರಿಸುತ್ತೇನೆ. ಕೆಲಸದವರು ಬೈದುಕೊಳ್ಳುತ್ತಾರೆ, ಆಸ್ಪತ್ರೆಯವರು ತಡವಾಯಿತು ಅಂತ ಕಿರುಚುತ್ತಾರೆ. ಏನು ಮಾಡಲಿ, ನನಗೆ ಮನಸ್ಸು ಬರುವುದಿಲ್ಲ.”

“ಹಾಗೆ ನೋಡು ಅಂತ ನಿನಗೆ ಯಾರು ಹೇಳಿಕೊಟ್ಟರು?”

“ಅಪ್ಪ. ಕಾರು ನಿಂತ ಮೇಲೆ ಈ ಕೆಲಸ ಶುರು ಮಾಡಿದ್ದು ಅವರೇ. ಕೊನೆಯವರೆಗೂ ಅವರೇ ಮಲಗಿ ನೋಡುತ್ತಿದ್ದರು. ಆಮೇಲೆ ನಾನು.”

ಅಕ್ಕ ಅವನ ಮುಖವನ್ನೇ ನೋಡುತ್ತ ಕಾದರು. ಅವನು ಹೊಳೆ ನೋಡುತ್ತಿದ್ದ.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಪಾಲುದಾರರು. ಶೆಡ್ಡು ಯಾವತ್ತು ಖಾಲಿಯಾಗುತ್ತದೆ ಎಂದು ಕೇಳುತ್ತಿದ್ದರು. ಒಳಗೆ ನಿಂತ ಗಾಡಿಗಳನ್ನು ಹಾಗೆಯೇ ಆಸ್ಪತ್ರೆಗಳಿಗೆ ಕೊಟ್ಟುಬಿಡಿ, ತಿದ್ದುತ್ತ ಕೂರಬೇಡಿ, ಎಂದರು.

“ಹಾಗೇ ಕೊಡೋಕಾಗಲ್ಲ,” ಎಂದ ಪಂಚಾಕ್ಷರಿ. “ಇನ್ನೂ ಮಲಗಿ ನೋಡಿಲ್ಲ.”

ಆ ಕಡೆಯವರು ನಕ್ಕರು. ಆಮೇಲೆ, ಮಲಗಿ ನೋಡುತ್ತ ಕೂರುವುದಾದರೆ ನಾಳೆ ಸಹಿ ಇಲ್ಲ, ಎಂದು ಒರಟಾಗಿ ಅಂದರು.

ಅವನು ಬಹಳ ಹೊತ್ತು ಕೇಳಿಸಿಕೊಂಡ. “ಹಾಗಾದರೆ ಶೆಡ್ಡು ಖಾಲಿ ಆಗಲ್ಲ ಸರ್,” ಎಂದು ಮೆಲ್ಲಗೆ ಹೇಳಿ ಫೋನು ಇಟ್ಟ. ಹೇಳಿದ ಮೇಲೆಯೇ ತಾನು ಹೇಳಿದ್ದೇನು ಎಂದು ಅವನಿಗೆ ತಿಳಿಯಿತು.

ಅಕ್ಕ ಎದ್ದು ಕೊಪ್ಪರಿಗೆಯನ್ನು ಸೊಂಟಕ್ಕೇರಿಸಿಕೊಂಡರು.

“ಮುಗಿಯಿತು ಅಕ್ಕಾ,” ಎಂದ ಪಂಚಾಕ್ಷರಿ, ತಲೆ ತಗ್ಗಿಸಿ. “ಇನ್ನು ಮರಾಳ ಏಳುವುದಿಲ್ಲ.”

ಮೆಟ್ಟಿಲು ಹತ್ತುತ್ತಿದ್ದ ಅಕ್ಕ ಅಲ್ಲೇ ನಿಂತು ಹಣೆ ಚಚ್ಚಿಕೊಂಡರು.

“ಸತ್ತದ್ದು ಯಾವುದು ಅಂತ ಮೊದಲು ಹೇಳಯ್ಯ. ಏಳೋ ಮಾತು ಆಮೇಲೆ.”