ಎರಡು ಸಲ ತಟ್ಟಿದರೆ ಬೇಡ

ದಾಕ್ಷಾಯಣಿಗೆ ಐಟಿಐ ಸೇರಿ ಎಲೆಕ್ಟ್ರಿಷಿಯನ್ ಆಗುವ ಆಸೆ. ಅವ್ವ ಮಾತ್ರ ಗುರುಗಳು ಹೇಳಿದ್ದೇ ಕೊನೆ ಎಂದು ಪಟ್ಟು ಹಿಡಿದಳು. ಈ ಗುರುಗಳು ಸತ್ತ ಹಿರಿಯರನ್ನು ಮೈಮೇಲೆ ಕರೆಸಿಕೊಂಡು, ಕಲಿತ ಮಕ್ಕಳಿಗೆ ಉದ್ಯೋಗದ ದಾರಿ ಹೇಳುವವರು.

ಅವ್ವ ಹೊರಗೆ ಕುಳಿತಳು, ದಾಕ್ಷಾಯಣಿ ಒಳಗೆ ಹೋದಳು. ಕರಿ ಪರದೆಯ ಕೋಣೆ ಸುಡು ಮಧ್ಯಾಹ್ನದಲ್ಲೂ ತಣ್ಣಗಿತ್ತು. ಗುರುಗಳ ದನಿ ಇದ್ದಕ್ಕಿದ್ದಂತೆ ಗೊಗ್ಗರಾಯಿತು.

"ನಾನು ನಿನ್ನ ಅಜ್ಜ. ಗುರುಗಳ ಕಾಲೇಜಿಗೇ ಸೇರು. ಇವತ್ತೇ ಸಹಿ ಹಾಕು."

"ನಮ್ಮಜ್ಜ ಹುಟ್ಟು ಮೂಕ ಇದ್ದನ್ರಿ."

"ಸತ್ತ ಮ್ಯಾಲೆ ಮಾತು ಬರ್ತದ!" ಗುರುಗಳು ಗದರಿದರು.

"ಖರೇನ್ರಿ. ಆದ್ರ ರೂಢಿ ಹೋಗಿರಂಗಿಲ್ಲ. ಅಂವ ಮಗ್ಗದ ಹಲಗಿ ಒಮ್ಮೆ ತಟ್ಟಿದ್ರ ಹೌದು, ಎರಡು ಸಲ ತಟ್ಟಿದ್ರ ಬ್ಯಾಡ. ಅಜ್ಜಾ, ಈ ಕಾಲೇಜು ಸೇರ್ಲೇನು?"

ಮೇಜಿನ ಕೆಳಗೆ ಟಕ್ ಎಂದಿತು. ಮತ್ತೆ ಟಕ್.

ಗುರುಗಳ ಮುಖ ಬಿಳಿಚಿತು. ಶಲ್ಯ ಅಲ್ಲೇ ಬಿಟ್ಟು ಹೊರಗೋಡಿ, "ತಾಯೀ, ಆಕೀನ್ನ ಐಟಿಐಗೇ ಕಳಸ್ರಿ!" ಎಂದು ಕೂಗಿದರು.

ನಡೆದದ್ದನ್ನೆಲ್ಲ ಕೇಳಿ ಅವ್ವ ದಾರಿಯುದ್ದಕ್ಕೂ ನಕ್ಕಳು. "ಮೊಣಕಾಲಿಲೆ ತಟ್ಟಿದಾಕಿ ನೀನ ಹೌದಲ್ಲ?"

ದಾಕ್ಷಾಯಣಿ ನಗಲಿಲ್ಲ. ಅವ್ವನ ಕೈ ಗಟ್ಟಿಯಾಗಿ ಹಿಡಿದಳು.

"ಹೂಂ ಅವ್ವಾ. ಎರಡು ಸಲ ತಟ್ಟಾಕಿ ಇದ್ದೆ. ಮೊದಲನೇದು ಅಷ್ಟ ನಂದು."